ಬಾಯಿಗಿಂತ ಮುಂದೆ ಹೋದ ಕಣ್ಣು

ದಿನಪತ್ರಿಕೆಗೆ ತೂತು ಮಾಡಿ, ಆ ತೂತಿನಲ್ಲಿ ಅತ್ತೆಯ ಕಣ್ಣನ್ನು ಇಣುಕಿ ನೋಡಿದ ಸೊಸೆ ಶಿಡ್ಲಘಟ್ಟ ತಾಲ್ಲೂಕಿಗೆಲ್ಲ ನಾನೊಬ್ಬಳೇ ಇರಬೇಕು. ಆ ಕಡೆ ಅತ್ತೆ, ಈ ಕಡೆ ನಾನು, ನಡುವೆ ಹಿಂದಿನ ವಾರದ ಪೇಪರು. "ಅದೇನಮ್ಮಾ ಹಂಗೆ ನೋಡ್ತಿದೀಯ, ಕಣ್ಣಲ್ಲಿ ಧೂಳು ಗೀಳು ಬಿದ್ದೈತಾ?" ಎಂದು ಅವರು ಕೇಳಿದರು.

"ಇಲ್ಲ ಅತ್ತೆ, ನೀವು ಓದ್ತಾ ಇರಿ. ನಿಮ್ಮ ಕಣ್ಣು ಹೆಂಗೆ ನಡೀತದೆ ಅಂತ ನೋಡ್ತಿದೀನಿ."

"ಕಣ್ಣು ನಡೀತದಾ? ಕಾಲು ನಡಿಯೋದೇ ಕಷ್ಟ ಆಗೈತೆ ಈಚೆಗೆ," ಎಂದು ನಕ್ಕು ಮತ್ತೆ ಪೇಪರಿನ ಕಡೆಗೆ ತಿರುಗಿದರು.

ನಾನು ಮಂಚೇನಹಳ್ಳಿ ಕಡೆಯವಳು. ಮದುವೆಯಾಗಿ ಬಂದದ್ದು ಸಾದಲಿಗೆ ಹತ್ತಿರದ ಒಂದು ಹಳ್ಳಿಗೆ. ಪಕ್ಕದೂರಿನ ಪ್ರಾಥಮಿಕ ಶಾಲೆಯಲ್ಲಿ ಟೀಚರು. ಗಂಡನ ಮನೆಯಲ್ಲಿ ಹಿಪ್ಪುನೇರಳೆ ತೋಟ, ರೇಷ್ಮೆ ಹುಳು, ಅರ್ಧ ಕನ್ನಡ, ಅರ್ಧ ತೆಲುಗು. ಕೋಪ ಬಂದರೆ ತೆಲುಗು, ಹುಳುವಿನ ಮಾತು ಬಂದರೆ ತೆಲುಗು, ಸೊಸೆಯ ಜೊತೆ ಮಾತ್ರ ಕನ್ನಡ. ಅತ್ತೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಹಿಂದೆ ಊರೂರಿನಲ್ಲಿ ಸಾಕ್ಷರತೆಯ ತರಗತಿ ನಡೆದಾಗ ದೇವಸ್ಥಾನದ ಜಗುಲಿಯಲ್ಲಿ ಕೂತು ಅಕ್ಷರ ಕಲಿತಿದ್ದರು. ಒಂದೊಂದು ಅಕ್ಷರವೂ ಗೊತ್ತಿತ್ತು. ಅವು ಸಾಲಾಗಿ ನಿಂತಾಗ ಮಾತ್ರ ಗುರುತು ಹತ್ತುತ್ತಿರಲಿಲ್ಲ.

ಇಷ್ಟೇ ಆಗಿದ್ದರೆ ಪೇಪರಿಗೆ ತೂತು ಬೀಳುತ್ತಿರಲಿಲ್ಲ. ನಮ್ಮದು ಕೋಲಾರದಿಂದ ಬೇರೆಯಾಗಿ ಹೊಸ ಜಿಲ್ಲೆಯಾದ ಹೊಸದರಲ್ಲಿ, ನಮ್ಮ ಗ್ರಾಮ ಪಂಚಾಯಿತಿಯ ಅಧ್ಯಕ್ಷ ಸ್ಥಾನ ಹೆಂಗಸರಿಗೆ ಬಂತು. ಸದಸ್ಯೆಯಾಗಿದ್ದ ಅತ್ತೆ ಅಧ್ಯಕ್ಷರಾದರು. ಓಡಾಡಿ ಇದನ್ನೆಲ್ಲ ಹೊಂದಿಸಿದವರು ಅವರ ಮೈದುನ, ಅಂದರೆ ನನ್ನ ಚಿಕ್ಕಮಾವ. ಕೆಟ್ಟ ಮನುಷ್ಯರಲ್ಲ. ಯಾರ ಮನೆಯಲ್ಲಿ ಸಾವಾದರೂ ಮದುವೆಯಾದರೂ ಮೊದಲು ಹೋಗಿ ನಿಲ್ಲುವವರು. ಆದರೆ ಮೈಕ್ ಕಂಡರೆ ಅವರಿಗೆ ಮೈಮೇಲೆ ಬರುತ್ತಿತ್ತು.

ಜನವರಿ ಇಪ್ಪತ್ತಾರಕ್ಕೆ ಅತ್ತೆ ಮೊದಲ ಸಲ ಬಾವುಟ ಹಾರಿಸಿದರು. ಪಂಚಾಯಿತಿ ಕಚೇರಿಯೂ ನನ್ನ ಶಾಲೆಯೂ ಒಂದೇ ಆವರಣದಲ್ಲಿದ್ದದ್ದರಿಂದ ನಾನೂ ಮಕ್ಕಳ ಸಾಲಿನ ಪಕ್ಕದಲ್ಲೇ ನಿಂತಿದ್ದೆ. ಕಚೇರಿಯವರು ಭಾಷಣದ ಹಾಳೆಯನ್ನು ಅವರ ಕೈಗೆ ಕೊಟ್ಟರು. ಅತ್ತೆ ಬೆರಳಿಟ್ಟು "ಮಾ... ನ್ಯ... ರೇ..." ಎಂದು ಶುರು ಮಾಡಿದರು. ಎರಡನೇ ಸಾಲಿಗೆ ಬರುವಷ್ಟರಲ್ಲಿ ಹಿಂದೆ ನಿಂತಿದ್ದ ಹುಡುಗರು ಕಿಸಿಕಿಸಿ ಎಂದರು. ಚಿಕ್ಕಮಾವ ಮುಂದೆ ಬಂದು, "ಅಧ್ಯಕ್ಷರ ಪರವಾಗಿ ಎರಡು ಮಾತು," ಎಂದು ಮೈಕ್ ತೆಗೆದುಕೊಂಡರು. ಅವರ ಎರಡು ಮಾತು ಮುಗಿಯುವ ಹೊತ್ತಿಗೆ ಒಂದನೇ ತರಗತಿಯ ಮಕ್ಕಳು ನೆಲದ ಮೇಲೆ ಕೂತಿದ್ದರು. ಅತ್ತೆ ಅಷ್ಟು ಹೊತ್ತೂ ಆ ಹಾಳೆ ಹಿಡಿದುಕೊಂಡೇ ನಿಂತಿದ್ದರು.

ಮನೆಗೆ ಬಂದು ಹುಳುಗಳಿಗೆ ಸೊಪ್ಪು ಹಾಕಿದರು. ಮಾರನೆಯ ದಿನ ನಾನು ಶಾಲೆಗೆ ಹೊರಟಾಗ ಬಾಗಿಲಲ್ಲಿ ನಿಲ್ಲಿಸಿ ಹೇಳಿದರು: "ನೋಡಮ್ಮಾ, ಆಗಸ್ಟ್ ಹದಿನೈದಕ್ಕೆ ನಾನೇ ಓದ್ಬೇಕು. ಆಗ್ಲಿಲ್ಲ ಅಂದ್ರೆ ರಾಜೀನಾಮೆ ಕೊಟ್ಟು ಮನೇಲಿ ಕೂತ್ಕೊಂತೀನಿ. ಅವನು ಮಾತಾಡೋದಕ್ಕೆ ನಾನ್ಯಾಕೆ ಅಧ್ಯಕ್ಷೆ ಆಗ್ಬೇಕು? ಓದಿಸ್ತೀಯಾ?"

ಓದಿಸುತ್ತೇನೆ ಎಂದೆ. ಅಷ್ಟು ಮಕ್ಕಳಿಗೆ ಕಲಿಸಿದವಳಿಗೆ ಅತ್ತೆ ಯಾವ ದೊಡ್ಡ ಮಾತು ಎಂಬ ಜಂಬ ನನಗೆ.

ಆ ಜಂಬಕ್ಕೆ ಸರಿಯಾಗಿ ಚಿಕ್ಕಬಳ್ಳಾಪುರದಲ್ಲಿ ನಮಗೆಲ್ಲ ಒಂದು ತರಬೇತಿ ಬಂತು. ಊಟ ಚೆನ್ನಾಗಿರುತ್ತದೆ ಎಂದು ಹೋಗುವ ತರಬೇತಿಗಳಲ್ಲಿ ಅದೂ ಒಂದು. ಪಾಠ ಹೇಳಲು ಬಂದಿದ್ದ ದಪ್ಪ ಮೀಸೆಯವರು ಎಲ್ಲರಿಗೂ ಒಂದೊಂದು ಹಳೆಯ ಪೇಪರು ಕೊಟ್ಟು, ನಡುವೆ ಬೆರಳು ಹೋಗುವಷ್ಟು ತೂತು ಮಾಡಿಸಿ, ಇಬ್ಬಿಬ್ಬರನ್ನು ಎದುರುಬದುರು ಕೂರಿಸಿದರು. ಒಬ್ಬರು ಓದಬೇಕು, ಇನ್ನೊಬ್ಬರು ತೂತಿನಿಂದ ಅವರ ಕಣ್ಣು ನೋಡಬೇಕು. ನನ್ನ ಎದುರಿಗೆ ಚಿಂತಾಮಣಿಯ ಒಬ್ಬ ಟೀಚರು ಸಿಕ್ಕರು. ಅವರು ನಗುವುದನ್ನು ನಿಲ್ಲಿಸಿ ಓದಲು ಶುರು ಮಾಡುವಷ್ಟರಲ್ಲಿ ಟೀ ಬಂತು. ಆದರೆ ಓದಿದಾಗ ನೋಡಿದ್ದು ಮಾತ್ರ ನಾನು ಅಂದುಕೊಂಡದ್ದಾಗಿರಲಿಲ್ಲ. ಕಣ್ಣು ಸಾಲಿನ ಮೇಲೆ ನುಣ್ಣಗೆ ಸರಿದು ಹೋಗುತ್ತದೆ ಎಂದೇ ತಿಳಿದಿದ್ದೆ. ಹಾಗಲ್ಲ. ಅದು ಪುಟ್ಟ ಪುಟ್ಟ ನೆಗೆತ ನೆಗೆಯುತ್ತದೆ, ಒಂದು ಚಣ ನಿಲ್ಲುತ್ತದೆ, ಮತ್ತೆ ನೆಗೆಯುತ್ತದೆ. ನೆಗೆಯುವಾಗ ಏನೂ ಕಾಣುವುದಿಲ್ಲವಂತೆ. ಕಾಣುವುದೆಲ್ಲ ನಿಂತಾಗಲೇ. ಓದಿ ಪಳಗಿದವರ ಕಣ್ಣು ಒಂದು ಸಲ ನಿಂತರೆ ಇಡೀ ಪದವನ್ನು ಬಾಚಿಕೊಂಡು, ಮುಂದಿನ ಪದದ ಅಂಚನ್ನೂ ಮುಟ್ಟಿ ನೋಡುತ್ತದೆ. ಅರ್ಥ ಕೂಡಲಿಲ್ಲವೋ, ನಮ್ಮನ್ನು ಕೇಳದೆಯೇ ಹಿಂದಕ್ಕೆ ಹೋಗಿ ಬರುತ್ತದೆ. ಇನ್ನೊಂದು ಮಾತು ಹೇಳಿದರು: ಗಟ್ಟಿಯಾಗಿ ಓದುವಾಗ ಬಾಯಿ ಒಂದು ಪದ ಹೇಳುತ್ತಿದ್ದರೆ ಕಣ್ಣು ಆಗಲೇ ಅದರ ಮುಂದಿನ ಪದಗಳಲ್ಲಿರುತ್ತದೆ. ಹಾಗಿದ್ದರೇ ಓದು ಮಾತಿನಂತೆ ಕೇಳುವುದು.

ಅವತ್ತು ಸಂಜೆಯೇ ಮನೆಯಲ್ಲಿ ಪೇಪರಿಗೆ ತೂತು ಬಿತ್ತು.

ಅತ್ತೆಯ ಕಣ್ಣು ಪ್ರತಿ ಅಕ್ಷರಕ್ಕೂ ನಿಲ್ಲುತ್ತಿತ್ತು. ಒತ್ತಕ್ಷರ ಬಂದರೆ ಕೆಳಗಿಳಿದು, ಅದನ್ನು ವಿಚಾರಿಸಿಕೊಂಡು, ಮೇಲೆ ಹತ್ತಿ ಬರುತ್ತಿತ್ತು. ಪದದ ಕೊನೆ ಮುಟ್ಟುವಾಗ ಮೊದಲು ಮರೆತಿರುತ್ತಿತ್ತು. ಒಂದು ಸುದ್ದಿಯನ್ನು ಹಾಗೆಯೇ ಕೊನೆಯವರೆಗೂ ಓದಿ ಸೆರಗಿನಿಂದ ಮುಖ ಒರೆಸಿಕೊಂಡರು.

"ಏನಂತ ಬರ್ದಿದಾರೆ ಅತ್ತೆ ಅದ್ರಲ್ಲಿ?"

"ಓದಿದ್ನಲ್ಲಮ್ಮಾ. ಇನ್ನು ಅರ್ಥ ಬೇರೆ ಮಾಡ್ಕೋಬೇಕಾ?"

ನನ್ನ ಮೊದಲ ಉಪಾಯ ಬೆರಳನ್ನು ತೆಗೆಸುವುದು. ಬೆರಳು ಅಕ್ಷರ ಅಕ್ಷರಕ್ಕೂ ನಿಂತರೆ ಕಣ್ಣು ತಾನೇ ಹೇಗೆ ಮುಂದೆ ನೆಗೆದೀತು? ಬೆರಳು ತೆಗೆಸಿದೆ. ಅತ್ತೆ ಸಾಲಿನ ಕೊನೆಯಿಂದ ಈ ತುದಿಗೆ ಹಿಂದಿರುಗುವಾಗ ದಾರಿ ತಪ್ಪಿ ಅದೇ ಸಾಲಿಗೆ ಬಂದರು. ಪೂರ್ತಿ ಓದಿ ಮುಗಿಸಿ, "ಈ ಪೇಪರ್‌ನವ್ರು ಏನು ಬುದ್ಧಿ ಇಲ್ದೋರು, ಒಂದೇ ಮಾತು ಎರಡೆರಡು ಸಲ ಹಾಕವ್ರೆ," ಎಂದು ಬೈದರು. ಬೆರಳನ್ನು ವಾಪಸ್ಸು ಕೊಟ್ಟೆ. ಆದರೆ ಅಕ್ಷರದ ಕೆಳಗಲ್ಲ, ಸಾಲಿನ ಶುರುವಿನಲ್ಲಿ, ಎಡಗಡೆಯ ಖಾಲಿ ಜಾಗದಲ್ಲಿ. ಅಲ್ಲಿ ಕಾವಲಿಗೆ ಅದು ಸಾಕಿತ್ತು.

ಎರಡನೆಯ ಉಪಾಯದ ಬಗ್ಗೆ ನನಗೇ ಬಹಳ ಹೆಮ್ಮೆಯಿತ್ತು. ಹುಳುವಿನ ಮನೆಯಲ್ಲಿ ಸೊಪ್ಪು ಹಾಕುತ್ತಿದ್ದಾಗ ಕೇಳಿದೆ: "ಅತ್ತೆ, ತಟ್ಟೇಲಿರೋ ಹುಳನ ನೀವು ಒಂದೊಂದಾಗಿ ನೋಡ್ತೀರಾ? ಒಂದ್ಸಲ ಕಣ್ಣು ಹಾಯಿಸಿದ್ರೆ ತಟ್ಟೆನೇ ಗೊತ್ತಾಗ್ತದಲ್ವಾ? ಅಕ್ಷರಾನೂ ಹಂಗೇ ನೋಡಿ."

ಅತ್ತೆ ಸೊಪ್ಪಿನ ಪುಟ್ಟಿ ಕೆಳಗಿಟ್ಟು ನನ್ನನ್ನೇ ನೋಡಿದರು. "ಹುಳ ಓಡಾಡ್ತದೆ, ತಿಂತದೆ, ಜ್ವರ ಬಂದ್ರೆ ಸುಮ್ನೆ ಮಲಗ್ತದೆ. ನಿನ್ನ ಅಕ್ಷರ ಯಾವಾಗ್ ನೋಡಿದ್ರೂ ಸತ್ತಂಗೆ ಬಿದ್ದಿರ್ತದೆ. ಅದನ್ ನೋಡ್ತಿದ್ರೆ ನಂಗೆ ನಿದ್ದೆ ಬರ್ತದೆ."

ನನಗೆ ಕೋಪ ಮೂಗಿನ ತುದಿಯಲ್ಲೇ ಇರುವುದು. "ಹಂಗಾದ್ರೆ ಹುಳಾನೇ ಓದ್ಕೊಳ್ಳಿ," ಎಂದೆ. ಅವರು ತೆಲುಗಿನಲ್ಲಿ ಏನೋ ಅಂದರು. ನನಗೆ ಅರ್ಥವಾಗದ ಹಾಗೆ ಬೈಯಬೇಕಾದಾಗ ಅವರು ಬೇಗ ಬೇಗ ಮಾತಾಡುತ್ತಿದ್ದರು. ಎರಡು ದಿನ ನಮ್ಮ ಮನೆಯಲ್ಲಿ ಓದೂ ಇಲ್ಲ, ಸರಿಯಾಗಿ ಮಾತೂ ಇಲ್ಲ. ನನ್ನ ಯಜಮಾನರು ಮಾತ್ರ ನೆಮ್ಮದಿಯಾಗಿ ಪೇಪರು ಓದಿದರು, ತೂತನ್ನು ಬಿಟ್ಟು.

ದಾರಿ ತೋರಿಸಿದ್ದು ಟೀವಿ. ವಾರಕ್ಕೊಂದು ಸಂಜೆ ಹಳೆಯ ಚಿತ್ರಗೀತೆಗಳು ಬರುತ್ತಿದ್ದವು, ಹಾಡಿನ ಸಾಲುಗಳೂ ಕೆಳಗೆ ಕನ್ನಡದಲ್ಲಿ ಮೂಡುತ್ತಿದ್ದವು. ಅತ್ತೆಗೆ ಆ ಹಾಡುಗಳೆಲ್ಲ ರೇಡಿಯೋ ಕಾಲದಿಂದ ಬಾಯಿಪಾಠ. ನಾನು ಟೀವಿಯ ಪಕ್ಕದಲ್ಲಿ ಕೂತು ಅವರೆಕಾಳು ಹಿದುಕುತ್ತಿದ್ದೆ. ತಲೆಯೆತ್ತಿ ನೋಡಿದರೆ ಅತ್ತೆಯ ಕಣ್ಣು ಪರದೆಯ ಕೆಳಗೇ ಇತ್ತು. ನಾಯಕಿಯ ಮುಖ ಬಿಟ್ಟು ಅಕ್ಷರ ನೋಡುತ್ತಿದ್ದರು! ಸಾಲು ಮೂಡಿದ ಕೂಡಲೇ ಕಣ್ಣು ಎರಡು ಮೂರು ನೆಗೆತಕ್ಕೆ ಕೊನೆ ಮುಟ್ಟುತ್ತಿತ್ತು. ಮುಟ್ಟಿ, ಗಾಯಕಿ ಬರುವುದನ್ನು ಕಾಯುತ್ತಿತ್ತು. ನಾನು ಕೈಯಲ್ಲಿದ್ದ ಕಾಳು ಬಿಟ್ಟು, "ಅತ್ತೆ, ಓದ್ತಿದೀರಾ!" ಎಂದು ಕೂಗಿದೆ.

"ಓದೋದೇನು, ಹಾಡು ಗೊತ್ತಿರೋದೇ ಅಲ್ವಾ," ಎಂದರು.

ಅದೇ ಗುಟ್ಟು. ಮುಂದೆ ಏನು ಬರುತ್ತದೆ ಎಂಬ ಊಹೆ ಇದ್ದರೆ ಕಣ್ಣಿಗೆ ಧೈರ್ಯ. ಪ್ರತಿ ಅಕ್ಷರವನ್ನೂ ತಡವಿ ನೋಡುವ ಅಗತ್ಯ ಅದಕ್ಕಿರುವುದಿಲ್ಲ. ಇಷ್ಟು ದಿನ ನಾನು ಓದಿಸುತ್ತಿದ್ದದ್ದು ಯಾವುದೋ ದೇಶದ ಮಂತ್ರಿ ಯಾವುದೋ ದೇಶಕ್ಕೆ ಹೋದ ಸುದ್ದಿ. ಅತ್ತೆ ಅದರಲ್ಲಿ ಏನನ್ನು ತಾನೇ ಊಹಿಸಬೇಕಿತ್ತು? ಅವತ್ತಿನಿಂದ ಅವರಿಗೆ ಗೊತ್ತಿದ್ದ ವಿಷಯಗಳನ್ನೇ ಹುಡುಕಿ ಕೊಟ್ಟೆ. ಶಿಡ್ಲಘಟ್ಟ ಮಾರುಕಟ್ಟೆಯ ರೇಷ್ಮೆಗೂಡಿನ ದರದ ಸುದ್ದಿ, ಸೀಮೆ ಹಸುವಿನ ಆರೈಕೆ, ಸೀರಿಯಲ್ಲಿನ ಮುಂದಿನ ಕಥೆ. ಸೀರಿಯಲ್ಲಿನ ಕಥೆಯನ್ನಂತೂ ಬಾಗಿಲ ಮರೆಗೆ ಹೋಗಿ ಒಬ್ಬರೇ ಓದಿಕೊಂಡು, ನಮಗೆ ಯಾರಿಗೂ ಹೇಳದೆ ಇಡೀ ವಾರ ದೊಡ್ಡ ಮನುಷ್ಯರ ಹಾಗೆ ಓಡಾಡಿದರು.

ಮುಂದಿನ ಪಾಠ ಬಸ್ಸಿನಲ್ಲಿ ನಡೆಯಿತು. ಗೌರಿಬಿದನೂರಿನಲ್ಲಿರುವ ನಾದಿನಿಯ ಮನೆಗೆ ನಾವಿಬ್ಬರೂ ಹೋಗಬೇಕಾಯಿತು. ಅತ್ತೆ ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಬೋರ್ಡು ಓದಿದರು, ಅದೂ ಗಟ್ಟಿಯಾಗಿ. ಓಡುವ ಬಸ್ಸಿನಲ್ಲಿ ಒಂದೊಂದು ಅಕ್ಷರ ನೋಡುತ್ತಾ ಕೂರಲು ಸಮಯವೆಲ್ಲಿ? ಒಂದೇ ನೋಟಕ್ಕೆ ಎಷ್ಟು ಸಿಕ್ಕಿತೋ ಅಷ್ಟು. "ಗೊಬ್ಬರದ ಅಂಗಡಿ. ಸೈಕಲ್ ಶಾಪು. ಶ್ರೀ ಮಂಜುನಾಥ..." ಅಷ್ಟರಲ್ಲಿ ಬೋರ್ಡು ಹಿಂದೆ ಹೋಯಿತು. ಅತ್ತೆ ಕತ್ತು ಹೊರಗೆ ಹಾಕಿ ನೋಡಿದರು, ಸಿಗಲಿಲ್ಲ. "ಡ್ರೈವರಪ್ಪಾ, ಒಂಚೂರು ಹಿಂದಕ್ಕೆ ತಗಳಪ್ಪಾ, ಅರ್ಧ ಓದಿದೀನಿ!" ಎಂದು ಕೂಗಿದರು. ಬಸ್ಸೆಲ್ಲ ನಕ್ಕಿತು. ಕಂಡಕ್ಟರು ಅಲ್ಲಿಂದಲೇ, "ಬರ್ತಾ ಮಿಕ್ಕಿದ್ದು ಓದುವಿಯಂತೆ, ಕೂತ್ಕೊಳಮ್ಮಾ," ಎಂದರು. ನಾನು ನಾಚಿಕೆಯಿಂದ ಸೆರಗು ಹೊದ್ದುಕೊಂಡೆ. ಅತ್ತೆ ಮಾತ್ರ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು.

ಅವರು ತಡವರಿಸುತ್ತಿದ್ದ ಜಾಗ ಇನ್ನೊಂದಿತ್ತು. ಓದಿದ್ದನ್ನು ಮತ್ತೆ ನೋಡಬೇಕಾಗಿ ಬಂದರೆ ಪೆಚ್ಚಾಗುತ್ತಿದ್ದರು, ಕದ್ದು ಸಿಕ್ಕಿಬಿದ್ದವರಂತೆ ನನ್ನ ಮುಖ ನೋಡುತ್ತಿದ್ದರು. ಅದಕ್ಕೆ ಒಂದು ದಿನ ಪೇಪರಿನ ತೂತಿನ ಆ ಕಡೆ ನಾನು ಕೂತು, ಈ ಕಡೆ ಅವರನ್ನು ಕೂರಿಸಿದೆ. "ನನ್ನ ಕಣ್ಣು ನೋಡಿ ಅತ್ತೆ," ಎಂದು ಒಂದು ಕಷ್ಟದ ಲೇಖನ ಓದತೊಡಗಿದೆ. ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಚಪ್ಪಾಳೆ ತಟ್ಟಿಬಿಟ್ಟರು.

"ಹಿಂದಕ್ಕೆ ಹೋಯ್ತು! ನಿನ್ ಕಣ್ಣೂ ಹಿಂದಕ್ಕೆ ಹೋಯ್ತು ಕಣಮ್ಮಾ!"

"ಎಲ್ಲರದ್ದೂ ಹೋಗ್ತದೆ ಅತ್ತೆ. ಅರ್ಥ ಆಗ್ಬೇಕು ಅಂದ್ರೆ ಹೋಗ್ಲೇಬೇಕು."

"ಇಷ್ಟು ದಿನ ಹೇಳ್ಬಾರ್ದಾ ಮತ್ತೆ? ನಾನು ನನಗೊಬ್ಬಳಿಗೇ ಅನ್ಕೊಂಡಿದ್ದೆ." ಅಷ್ಟು ಹಗುರವಾಗಿ ಅವರು ಉಸಿರು ಬಿಟ್ಟದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಆಗಸ್ಟ್ ಬಂತು. ನಾವಿಬ್ಬರೂ ಕೂತು ಭಾಷಣ ಬರೆದೆವು, ಅತ್ತೆಯ ಮಾತಿನಲ್ಲೇ, ಅರ್ಧ ಪುಟ. ಅತ್ತೆ ದಿನವೂ ಓದಿದರು. ಓದಿ ಓದಿ ಅದು ಬಾಯಿಪಾಠವಾಯಿತು. ನನಗೆ ಸಣ್ಣ ಅನುಮಾನ, ಓದುತ್ತಿದ್ದಾರೋ ಒಪ್ಪಿಸುತ್ತಿದ್ದಾರೋ ಎಂದು. ಹೋಗಲಿ ಬಿಡು, ಹೇಗೋ ಒಂದು, ಮೈಕ್ ಅವರ ಕೈಯಲ್ಲಿ ಉಳಿದರೆ ಸಾಕು ಎಂದುಕೊಂಡೆ. ಅಷ್ಟರಲ್ಲಿ ಚಿಕ್ಕಮಾವ ಬಂದು, "ವದಿನಾ, ಕೈಬರಹ ಚೆನ್ನಾಗಿರಲ್ಲ, ಚಿಕ್ಕಬಳ್ಳಾಪುರದಲ್ಲಿ ಡಿಟಿಪಿ ಮಾಡಿಸ್ಕೊಂಡ್ ಬರ್ತೀನಿ, ದೊಡ್ಡ ಅಕ್ಷರದಲ್ಲಿ," ಎಂದು ಆ ಹಾಳೆ ತೆಗೆದುಕೊಂಡು ಹೋದರು. ಅತ್ತಿಗೆಯನ್ನು ಅವರು ಯಾವಾಗಲೂ ತೆಲುಗಿನಲ್ಲಿ ವದಿನ ಎಂದೇ ಕರೆಯುತ್ತಿದ್ದರು.

ಹಾಳೆ ವಾಪಸ್ಸು ಬಂದದ್ದು ಹದಿನೈದನೇ ತಾರೀಖು ಬೆಳಿಗ್ಗೆ, ನೇರವಾಗಿ ಬಾವುಟದ ಕಂಬದ ಹತ್ತಿರಕ್ಕೆ. ಲ್ಯಾಮಿನೇಷನ್ ಬೇರೆ ಮಾಡಿಸಿದ್ದರು, ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ನಾನು ಮಕ್ಕಳ ಸಾಲಿನಿಂದಲೇ ನೋಡಿದೆ. ನಾವು ಬರೆದದ್ದು ಅರ್ಧ ಪುಟ, ಅತ್ತೆಯ ಕೈಯಲ್ಲಿದ್ದದ್ದು ತುಂಬಿದ ಒಂದು ಪುಟ. ಬಾಯಿಪಾಠದ ಭಾಷಣ ಇನ್ನು ಯಾವ ಕೆಲಸಕ್ಕೂ ಬರುವಂತಿರಲಿಲ್ಲ. ಚಿಕ್ಕಮಾವ ಬಿಳಿ ಷರ್ಟಿನಲ್ಲಿ ಅತ್ತೆಯ ಬೆನ್ನಿಗೇ ನಿಂತಿದ್ದರು. ಅಧ್ಯಕ್ಷರು ತಡವರಿಸಿದರೆ ಮೈಕ್ ಯಾರ ಕೈಗೆ ಹೋಗುತ್ತದೆ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಬಾವುಟ ಬಿಚ್ಚಿಕೊಂಡು ಹೂವು ಉದುರಿತು. ರಾಷ್ಟ್ರಗೀತೆ ಮುಗಿಯಿತು. ಅತ್ತೆ ಒಂದು ಕೈಯಲ್ಲಿ ಮೈಕ್, ಇನ್ನೊಂದರಲ್ಲಿ ಆ ಹೊಳೆಯುವ ಹಾಳೆ ಹಿಡಿದು, ಬಿಸಿಲು ಬೀಳದ ಹಾಗೆ ಓರೆ ಮಾಡಿಕೊಂಡರು. ಹೆಬ್ಬೆರಳು ಸಾಲಿನ ಎಡಗಡೆ ಕೂತಿತು.

"ಮಾನ್ಯರೇ, ತಾಯಂದಿರೇ, ಮುದ್ದು ಮಕ್ಕಳೇ," ಎಂದರು. ಮುಂದಕ್ಕೂ ಚೆನ್ನಾಗಿಯೇ ಹೋಯಿತು. ನಮ್ಮ ಮಾತುಗಳ ನಡುವೆ ನಾವು ಬರೆಯದೇ ಇದ್ದ "ಶುಭ ಸಂದರ್ಭ", "ಸರ್ವತೋಮುಖ ಅಭಿವೃದ್ಧಿ" ಎಲ್ಲ ಬಂದವು. ಅತ್ತೆ ಅವುಗಳ ಹತ್ತಿರ ನಿಧಾನ ಮಾಡಿದರು, ಆದರೆ ನಿಲ್ಲಲಿಲ್ಲ. ಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯ ಕಟ್ಟಿಸುವ ಮಾತನ್ನು ಹಾಳೆಯಿಂದ ತಲೆಯೆತ್ತಿ, ಏಳನೇ ತರಗತಿಯ ಹುಡುಗಿಯರನ್ನು ನೋಡಿಯೇ ಹೇಳಿದರು. ನಾನು ಪಕ್ಕದಿಂದ ಅವರ ಕಣ್ಣನ್ನೇ ನೋಡುತ್ತಿದ್ದೆ. ತೂತು ಬೇಕಾಗಿರಲಿಲ್ಲ. ನೆಗೆತ, ನಿಲುವು, ಮತ್ತೆ ನೆಗೆತ. ಬಾಯಿ ಹಿಂದೆ, ಕಣ್ಣು ಮುಂದೆ.

"ಕೊನೆಯದಾಗಿ ನಾನು ಈ ವೇದಿಕೆಯಿಂದ..." ಎಂದವರು ತಟ್ಟನೆ ನಿಂತರು.

ಕಣ್ಣು ಕೆಳಗಿನ ಸಾಲಿಗೆ ಇಳಿದಿತ್ತು. ಹಿಂದಕ್ಕೆ ಹೋಯಿತು, ಮುಂದಕ್ಕೆ ಬಂತು, ಮತ್ತೆ ಹಿಂದಕ್ಕೆ ಹೋಯಿತು. ಬಾಯಿ ಮುಚ್ಚಿಕೊಂಡಿತು. ಮೈಕಿನಲ್ಲಿ ಗುಂಯ್ ಎಂಬ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಹಿಂದಿನ ಸಾಲಿನ ಹುಡುಗರು ಒಬ್ಬರನ್ನೊಬ್ಬರು ತಿವಿದುಕೊಂಡರು. ಮುಗಿಯಿತು ಕಥೆ ಎಂದುಕೊಂಡೆ, ನನಗೆ ಕಣ್ಣೀರೇ ಬಂತು. ಚಿಕ್ಕಮಾವ ಗಂಟಲು ಸರಿಮಾಡಿಕೊಂಡು ಮೈಕಿಗೆ ಕೈ ಚಾಚಿದರು.

ಅತ್ತೆ ಮೈಕನ್ನು ಎದೆಗೆ ಒತ್ತಿಕೊಂಡು ನಗತೊಡಗಿದರು. ಸಣ್ಣ ನಗುವಲ್ಲ, ಬಸ್ಸಿನಲ್ಲಿ ನಕ್ಕಂಥ ನಗು. ಹೊಟ್ಟೆ ಕುಲುಕುತ್ತಿತ್ತು. "ತಾಳ್ರಪ್ಪಾ, ಇಲ್ಲೊಂದು ತಮಾಷೆ ಐತೆ," ಎಂದು ಕಣ್ಣು ಒರೆಸಿಕೊಂಡರು. "ನಮ್ಮ ಮೈದುನ ಬರೆಸಿರೋದು. ಓದ್ತೀನಿ, ಕೇಳಿ."

ಹಾಳೆಯನ್ನು ಮತ್ತೆ ಓರೆ ಮಾಡಿ ಹಿಡಿದು, ಎಲ್ಲೂ ತಡವರಿಸದೆ, ಸುದ್ದಿ ಓದುವವರ ಹಾಗೆ ಓದಿದರು: "ಓದು ಬರಹ ತಿಳಿಯದ ನನಗೆ ಕಣ್ಣಾಗಿ ನಿಂತು ದಾರಿ ತೋರುತ್ತಿರುವ ನನ್ನ ಮೈದುನರಿಗೆ ನಾನು ಚಿರಋಣಿಯಾಗಿದ್ದೇನೆ."

ಮುಂದಿನ ಸಾಲಿನಲ್ಲಿದ್ದ ಹೆಂಗಸರಿಂದ ನಗು ಶುರುವಾಗಿ ಕಾಂಪೌಂಡಿನ ಗೋಡೆಯ ಮೇಲೆ ಕೂತಿದ್ದ ಹುಡುಗರವರೆಗೂ ಹೋಯಿತು. ಮಕ್ಕಳಿಗೆ ಏನೂ ಅರ್ಥವಾಗದಿದ್ದರೂ ಚಪ್ಪಾಳೆ ತಟ್ಟಿದರು. ನಾನು ಅಳುತ್ತಾ ನಗುತ್ತಿದ್ದೆ. ಅತ್ತೆ ಬಾಯಿ ಕಟ್ಟಿ ನಿಂತದ್ದು ಅಕ್ಷರ ತಿಳಿಯದೆ ಅಲ್ಲ, ತಿಳಿದದ್ದರಿಂದ. ಬಾಯಿ ಆಡುವ ಮೊದಲೇ ಕಣ್ಣು ಹೋಗಿ ಅರ್ಥ ತಂದುಕೊಟ್ಟಿತ್ತು. ಅಂಥ ಖುಷಿ ನನಗೆ ನನ್ನ ಯಾವ ತರಗತಿಯಲ್ಲೂ ಆಗಿಲ್ಲ.

ಚಿಕ್ಕಮಾವನ ಮುಖ ಕೆಂಪಗಾಗಿತ್ತು. ಚಾಚಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ತಲೆ ಕೆರೆದುಕೊಂಡರು. ಅತ್ತೆ ಅವರ ಕಡೆ ತಿರುಗಿ, "ಏನಪ್ಪಾ, ಇದು ನಿಜಾನಾ, ಸುಳ್ಳಾ? ನೀನೇ ಹೇಳ್ಬಿಡು," ಎಂದು ಮೈಕನ್ನು ಅವರ ಬಾಯಿಯ ಹತ್ತಿರ ಹಿಡಿದರು. ಹಿಡಿದರು ಅಷ್ಟೇ, ಕೈಗೆ ಕೊಡಲಿಲ್ಲ.

"ಸುಳ್ಳು, ವದಿನಾ," ಎಂದರು ಚಿಕ್ಕಮಾವ. ಹೇಳುತ್ತಾ ಅವರಿಗೂ ನಗು ಬಂದುಬಿಟ್ಟಿತು. ಅತ್ತೆ ಮೈಕನ್ನು ತಮ್ಮ ಕಡೆಗೆ ತಿರುಗಿಸಿಕೊಂಡು, ಹೆಬ್ಬೆರಳನ್ನು ಒಂದು ಸಾಲು ಕೆಳಗಿಳಿಸಿ, ಮುಂದಿನದನ್ನು ಓದಿದರು.